ಮೂರು ನಿಮಿಷ ನುಂಗಿದ ಕ್ಯಾಸೆಟ್

ಈ ವಾರವೆಲ್ಲ ನಮ್ಮ ಮನೆಯಲ್ಲಿ ನೀಲಗಿರಿ ಎಣ್ಣೆಯದೇ ವಾಸನೆ. ನನ್ನ ಕತ್ತು ಎಡಕ್ಕೆ ತಿರುಗುತ್ತಿಲ್ಲ. ಬಲಕ್ಕೆ ತಿರುಗುತ್ತದೆ, ಆದರೆ ವಾಪಸು ಬರುವ ಮುಂಚೆ ಸ್ವಲ್ಪ ಯೋಚನೆ ಮಾಡುತ್ತದೆ. ಜಯನಗರದ ನಮ್ಮ ಡಾಕ್ಟರು ಬೆರಳಿನಿಂದ ಒತ್ತಿ ನೋಡಿ, "ಏನ್ ಮಾಡಿದ್ರಿ? ಭಾರ ಏನಾದ್ರೂ ಎತ್ತಿದ್ರಾ?" ಎಂದು ಕೇಳಿದರು. "ಬಸ್ಸಲ್ಲಿ ಕಿಟಕಿ ಪಕ್ಕ ಕೂತಿದ್ದೆ, ಗಾಳಿ ಹೊಡೀತು" ಎಂದು ಸುಳ್ಳು ಹೇಳಿದೆ. ಸಕ್ಕರೆ ಕಾಯಿಲೆಯ ಫೈಲು ಹಿಡಿದುಕೊಂಡು ಕೂತಿರುವ ಐವತ್ತಮೂರು ವರ್ಷದ ಮನುಷ್ಯ, "ಹೆವಿ ಮೆಟಲ್ ಕೇಳ್ತಾ ತಲೆ ಕುಣಿಸಿದೆ ಡಾಕ್ಟ್ರೇ" ಎಂದು ಯಾವ ಬಾಯಿಂದ ಹೇಳುವುದು? ನಿಮಗೆ ಹೇಳಬಹುದು. ನೀವು ಔಷಧಿ ಬರೆದುಕೊಡಬೇಕಾದವರಲ್ಲ.

ಹೆವಿ ಮೆಟಲ್ ಎಂದರೇನೆಂದು ಗೊತ್ತಿಲ್ಲದೆ ಸುಖವಾಗಿರುವವರೂ ನಿಮ್ಮಲ್ಲಿ ಇರಬಹುದು. ಅದು ಗಿಟಾರನ್ನು ಮುದ್ದು ಮಾಡದೆ ಗದರಿಸುವ ಸಂಗೀತ. ಡ್ರಮ್ಮು ಯಾರೋ ಅಟ್ಟಿಸಿಕೊಂಡು ಬಂದವರಂತೆ ಓಡುತ್ತಿರುತ್ತದೆ. ಹಾಡುವವನು ಹಾಡುವುದಿಲ್ಲ, ದೂರು ಕೊಡುತ್ತಾನೆ. ಕೇಳುವವರು ಕಪ್ಪು ಟೀ ಷರ್ಟು ಹಾಕಿಕೊಂಡು, ಉದ್ದ ಕೂದಲು ಬಿಟ್ಟುಕೊಂಡು ತಾಳಕ್ಕೆ ಸರಿಯಾಗಿ ತಲೆಯನ್ನು ಮೇಲಕ್ಕೂ ಕೆಳಕ್ಕೂ ಎಸೆಯುತ್ತಾರೆ. ನಮಗೆ ಇಪ್ಪತ್ತು ವರ್ಷವಾಗಿದ್ದಾಗ ಎಸೆದ ತಲೆ ತಾನಾಗಿ ವಾಪಸು ಬರುತ್ತಿತ್ತು.

ಆಗ ಬನಶಂಕರಿ ಎರಡನೇ ಹಂತದಲ್ಲಿ ನನ್ನ ಗೆಳೆಯ ಮುರಳಿಯ ಮನೆ. ಮನೆಯ ಎದುರಿಗೆ ಒಂದು ಟ್ರಾನ್ಸ್‌ಫಾರ್ಮರ್, ಅದಕ್ಕೊಂದು ಕೆಂಪು ಬೋರ್ಡು, ಬೋರ್ಡಿನ ಮೇಲೆ ತಲೆಬುರುಡೆ, ಅಡ್ಡ ಎರಡು ಮೂಳೆ, ಕೆಳಗೆ 'ಅಪಾಯ, ೧೧ ಕೆವಿ'. ಮುರಳಿ ಮತ್ತು ಮೂವರು ಹುಡುಗರು ಸೇರಿ ಬ್ಯಾಂಡ್ ಕಟ್ಟಿದಾಗ ಹೆಸರಿಗಾಗಿ ಬಹಳ ದೂರ ಹುಡುಕಬೇಕಾಗಲಿಲ್ಲ. ಇಲೆವೆನ್ ಕೆವಿ. ಲಾಂಛನವೂ ಪುಕ್ಕಟೆಯಾಗಿ ಸಿಕ್ಕಿತು. ಮುರಳಿಯ ತಂದೆ ಅದನ್ನು ಕೇಳಿ, "ಹೆಸರು ಸರಿಯಾಗೇ ಇಟ್ಟಿದ್ದೀರಿ. ಓದಿದವರು ದೂರ ಇರ್ತಾರೆ" ಎಂದರು.

ಮುರಳಿ ಗಿಟಾರ್ ನುಡಿಸುತ್ತಿದ್ದ. ನಾನು ಏನು ನುಡಿಸುತ್ತಿದ್ದೆ ಎಂದು ಕೇಳಬೇಡಿ. ನನಗೆ ಬಡಿಯಲು ಬರುತ್ತಿದ್ದದ್ದು ಬಾಗಿಲು ಮಾತ್ರ. ಆದರೆ ಅವರ ಕಾರ್ ಷೆಡ್ಡಿನಲ್ಲಿ ನಡೆಯುತ್ತಿದ್ದ ಅಭ್ಯಾಸಕ್ಕೆ ನಾನು ಒಂದು ದಿನವೂ ತಪ್ಪಿಸಿಕೊಂಡವನಲ್ಲ. ಷೆಡ್ಡಿನ ಗೋಡೆಗೆಲ್ಲ ಹಳೆಯ ಹಾಸಿಗೆಗಳನ್ನು ಒರಗಿಸಿ ಸದ್ದು ಹೊರಗೆ ಹೋಗದಂತೆ ಮಾಡಿದ್ದರು. ಸದ್ದು ಹೋಗುತ್ತಿತ್ತು. ಹಾಸಿಗೆಯ ತಿಗಣೆಗಳು ಮಾತ್ರ ಒಳಗೇ ಉಳಿಯುತ್ತಿದ್ದವು. ಅಂಥ ಜಾಗದಲ್ಲಿ ಮೈ ಕೆರೆದುಕೊಳ್ಳುತ್ತಾ ಕೂತು ಕೇಳಿದ್ದರಿಂದಲೇ ಬ್ಯಾಂಡಿನ ಮೊದಲ ಅಭಿಮಾನಿ ಎಂಬ ಪದವಿ ನನಗೆ ಸಿಕ್ಕಿದ್ದು.

ಅವರು ನಾಲ್ಕು ಹಾಡು ಮಾಡಿದರು. ಕೊನೆಯದು ಉದ್ದ, ಎಲ್ಲಕ್ಕಿಂತ ಗಲಾಟೆಯದು. ಆ ಗಲಾಟೆಯೆಲ್ಲ ಮುಗಿದ ಮೇಲೆ ಉಳಿದ ಮೂವರೂ ಸುಮ್ಮನಾಗಿ, ಮುರಳಿಯ ಗಿಟಾರ್ ಒಂದೇ ಮೂರು ನಿಮಿಷ ನಿಧಾನವಾಗಿ ನುಡಿಯುತ್ತಿತ್ತು. ಆ ಮೂರು ನಿಮಿಷಕ್ಕೆ ಅವನು ನಾಲ್ಕು ತಿಂಗಳು ತೆಗೆದುಕೊಂಡಿದ್ದ. "ಅಷ್ಟು ಹೊತ್ತು ಜನರನ್ನ ಹೊಡೆದಿರ್ತೀವಿ. ಕೊನೇಲಿ ಮನೆ ತನಕ ಬಿಟ್ಟು ಬರಬೇಡ್ವೇನೋ?" ಎನ್ನುತ್ತಿದ್ದ. ಷೆಡ್ಡಿನಲ್ಲಿ ಅದನ್ನು ಮೊದಲ ಸಲ ಪೂರ್ತಿ ಕೇಳಿದ ದಿನ ನಾನು ಕೆರೆದುಕೊಳ್ಳುವುದನ್ನು ಮರೆತಿದ್ದೆ. ಇದಕ್ಕಿಂತ ದೊಡ್ಡ ಮೆಚ್ಚುಗೆ ನನ್ನ ಹತ್ತಿರ ಇರಲಿಲ್ಲ.

ಒಂದು ಸ್ಟುಡಿಯೋದಲ್ಲಿ ಒಂದೇ ದಿನದಲ್ಲಿ ನಾಲ್ಕೂ ಹಾಡನ್ನು ರೆಕಾರ್ಡ್ ಮಾಡಿ, ತೊಂಬತ್ತು ನಿಮಿಷದ ಒಂದು ಕ್ಯಾಸೆಟ್ಟಿನ ಒಂದೇ ಬದಿಗೆ ತುಂಬಿಸಿಕೊಂಡು ಬಂದರು. ಇನ್ನು ಅದರ ಕಾಪಿ ಮಾಡಿ ಹಂಚಬೇಕು. ನಮ್ಮ ಮನೆಯಲ್ಲಿ ಎರಡು ಕ್ಯಾಸೆಟ್ ಹಿಡಿಯುವ ಟೇಪ್ ರೆಕಾರ್ಡರ್ ಇದ್ದದ್ದರಿಂದ ಆ ಕೆಲಸ ನನಗೆ ಬಂತು. ಅದು ಇದ್ದದ್ದು ನಮ್ಮ ಅಮ್ಮನಿಗಾಗಿ. ಅಮ್ಮ ಬಡಾವಣೆಯ ಹೆಂಗಸರಿಗೆ ದೇವರನಾಮ ಕಲಿಸುತ್ತಿದ್ದರು. ಪಾಠವನ್ನು ಕ್ಯಾಸೆಟ್ಟಿಗೆ ಹಾಡಿ ಕೊಡುತ್ತಿದ್ದರು. ಹೆಂಗಸರು ಕಲಿತು ವಾಪಸು ಕೊಟ್ಟ ಕ್ಯಾಸೆಟ್ಟುಗಳು ಒಂದು ರಟ್ಟಿನ ಪೆಟ್ಟಿಗೆಯ ತುಂಬ ಇದ್ದವು. ನಾನು ಕಾಡಿ ಬೇಡಿ ಅದರಲ್ಲಿ ಇಪ್ಪತ್ತೊಂದನ್ನು ಕೇಳಿದೆ. ಅಮ್ಮ ಒಪ್ಪಿದರು, ಒಂದು ಷರತ್ತಿನ ಮೇಲೆ. "ಒಂದು ಕಡೆ ಅಳಿಸ್ಕೋ. ಇನ್ನೊಂದು ಕಡೆ ಮುಟ್ಟಿದ್ರೆ ನೋಡು. ಆ ಪಾಠ ಮುಂದಿನ ಬ್ಯಾಚಿಗೆ ಬೇಕು."

ಹಾಗಾಗಿ ಇಲೆವೆನ್ ಕೆವಿಯ ಕ್ಯಾಸೆಟ್ ತಿರುಗಿಸಿ ಹಾಕಿದರೆ ನಮ್ಮ ಅಮ್ಮ ಬರುತ್ತಿದ್ದರು. ಬಿಡಿಸಿ ಬಿಡಿಸಿ ಎರಡೆರಡು ಸಾಲು ಹೇಳಿಕೊಡುವುದು, ನಡುವೆ "ತಾಳ ಹಾಕ್ಕೊಳಿ, ಕೈ ಸುಮ್ನೆ ಇಟ್ಕೋಬೇಡಿ" ಎಂದು ಗದರುವುದು. ಅಮ್ಮನ ಆ ಬ್ಯಾಚು ಕಡೆಗೂ ಕಲಿಯಿತೋ ಇಲ್ಲವೋ ಕಾಣೆ. ಬೆಂಗಳೂರಿನ ದಕ್ಷಿಣ ಭಾಗದ ಕೂದಲು ಬಿಟ್ಟ ಹುಡುಗರಲ್ಲಿ ಕೆಲವರಿಗಂತೂ ಚೆನ್ನಾಗಿ ಬಾಯಿಪಾಠವಾಗಿತ್ತು. ಈಗಲೂ ಗಿರಿನಗರದ ಒಬ್ಬರು ನನ್ನನ್ನು ಕಂಡಾಗ ಮೊದಲು ಕೇಳುವುದು, "ಅಮ್ಮ ಹೇಗಿದ್ದಾರೆ?"

ತಪ್ಪು ಆದದ್ದು ಇಲ್ಲಿಯೇ. ಅಮ್ಮನ ಕ್ಯಾಸೆಟ್ಟುಗಳು ಅರವತ್ತು ನಿಮಿಷದವು, ಒಂದು ಬದಿಗೆ ಮೂವತ್ತೇ ನಿಮಿಷ. ನಾಲ್ಕು ಹಾಡು ಸೇರಿ ಮೂವತ್ತಮೂರು. ಲೆಕ್ಕದಲ್ಲಿ ನಾನು ಮೊದಲಿನಿಂದಲೂ ಹಿಂದೆ. ಬೇಗ ಆಗಲಿ ಎಂದು ಹೈಸ್ಪೀಡ್ ಬಟನ್ ಒತ್ತಿ, ಕೇಳಿಸಿಕೊಳ್ಳದೆ, ಕಾಫಿ ಕುಡಿಯುತ್ತಾ ಇಪ್ಪತ್ತು ಕಾಪಿ ಮಾಡಿ ಹಂಚಿಬಿಟ್ಟೆ. ನನಗಾಗಿ ಇಟ್ಟುಕೊಂಡಿದ್ದ ಇಪ್ಪತ್ತೊಂದನೆಯದನ್ನು ಸಂಜೆ ಹಾಕಿಕೊಂಡು ಕೂತಾಗ ಗೊತ್ತಾಯಿತು. ಕೊನೆಯ ಹಾಡು ಗಲಾಟೆಯ ತುತ್ತತುದಿಗೆ ಹೋಗುತ್ತದೆ, ಎಲ್ಲರೂ ಒಟ್ಟಿಗೆ ಬಡಿಯುತ್ತಾರೆ, ಅಷ್ಟರಲ್ಲಿ ಟೇಪು ಮುಗಿದು ಪ್ಲೇ ಬಟನ್ ಮೇಲಕ್ಕೆ ಎದ್ದು ಬರುತ್ತದೆ. ಖಟ್. ಮುರಳಿಯ ಮೂರು ನಿಮಿಷ ಒಂದರಲ್ಲೂ ಇರಲಿಲ್ಲ.

ಮಾರನೆಯ ದಿನ ಹೇಳಿಬಿಡಬೇಕೆಂದೇ ಹೊರಟೆ, ಇದನ್ನು ನೀವು ನಂಬಬೇಕು. ಜಯನಗರ ನಾಲ್ಕನೇ ಬ್ಲಾಕಿನ ಬಸ್ ಸ್ಟ್ಯಾಂಡಿನಲ್ಲಿ ಮುರಳಿ ಸಿಕ್ಕಿದ. ನಾನು ಬಾಯಿ ತೆಗೆಯುವ ಮುಂಚೆ ಕಪ್ಪು ಟೀ ಷರ್ಟಿನ ಒಬ್ಬ ಓಡಿ ಬಂದು ಅವನ ಕೈ ಹಿಡಿದುಕೊಂಡ. "ಮಗಾ, ಆ ಎಂಡಿಂಗ್! ಸಖತ್! ತಲೆ ಕೆಟ್ಟು ಹೋಯ್ತು ಗುರು!" ಮುರಳಿಯ ಮುಖ ಆಗ ಹೇಗಾಯಿತೆಂದು ವರ್ಣಿಸಲು ನನಗೆ ಬರುವುದಿಲ್ಲ. ಅವನು ಹೆಚ್ಚು ನಗುವವನಲ್ಲ, ಅವತ್ತು ಬಸ್ಸು ಬಂದು ಹೋದರೂ ಹತ್ತದೆ ನಗುತ್ತಾ ನಿಂತಿದ್ದ. ನಾನು ಬಾಯಿ ಮುಚ್ಚಿಕೊಂಡೆ.

ಬ್ಯಾಂಡು ಅದಾದ ಮೇಲೆ ಹೆಚ್ಚು ದಿನ ಬಾಳಲಿಲ್ಲ. ಒಂದೇ ಒಂದು ಕಾಲೇಜಿನಲ್ಲಿ ಕಾರ್ಯಕ್ರಮ ಕೊಟ್ಟರು, ಎರಡನೇ ಹಾಡಿಗೆ ಪ್ರಿನ್ಸಿಪಾಲರೇ ವೇದಿಕೆ ಹತ್ತಿದರು. ಆಮೇಲೆ ಒಬ್ಬನಿಗೆ ಬ್ಯಾಂಕ್ ಪರೀಕ್ಷೆ, ಒಬ್ಬನಿಗೆ ಮದುವೆ, ಒಬ್ಬನಿಗೆ ಬೆನ್ನು ನೋವು. ಮುರಳಿ ಜೆ.ಪಿ. ನಗರದಲ್ಲಿ ನಲ್ಲಿ, ಷವರು, ಸಿಂಕು ಮಾರುವ ಅಂಗಡಿ ಇಟ್ಟ. ನಾವು ತಿಂಗಳಿಗೊಮ್ಮೆ ದೋಸೆ ತಿನ್ನುವ ಗೆಳೆಯರಾಗಿ ಉಳಿದೆವು. ಪ್ರತಿ ಸಲವೂ ಇವತ್ತು ಹೇಳಿಬಿಡೋಣ ಎಂದುಕೊಳ್ಳುತ್ತಿದ್ದೆ, ಪ್ರತಿ ಸಲವೂ ದೋಸೆ ಬಿಸಿಯಾಗಿರುತ್ತಿತ್ತು.

ಆ ಇಪ್ಪತ್ತು ಕ್ಯಾಸೆಟ್ಟುಗಳು ಸುಮ್ಮನಿರಲಿಲ್ಲ. ಕಾಪಿಯಿಂದ ಕಾಪಿ, ಅದರಿಂದ ಇನ್ನೊಂದು ಕಾಪಿ, ಹೀಗೆ ಎಲ್ಲೆಲ್ಲಿಗೋ ಹೋದವು. ಮೂವತ್ತು ವರ್ಷದ ನಂತರ ಅರೆಕೆರೆಯಲ್ಲಿ ಎ.ಸಿ. ರಿಪೇರಿ ಮಾಡುವ ಇಮ್ತಿಯಾಜ್ ಎಂಬವನು ತನ್ನ ಟೇಪ್ ರೆಕಾರ್ಡರಿನ ಮುಂದೆ ಮೊಬೈಲ್ ಇಟ್ಟು ನಾಲ್ಕೂ ಹಾಡನ್ನು ಹಿಡಿದು ಇಂಟರ್ನೆಟ್ಟಿಗೆ ಹಾಕಿದ. ಕೊನೆಯ 'ಖಟ್' ಕೂಡ ಅದರಲ್ಲಿ ಚೆನ್ನಾಗಿ ಬಂದಿತ್ತು. ಅಷ್ಟೇ, ಎಲ್ಲಿದ್ದರೋ ಜನ, ಹುತ್ತದಿಂದ ಎದ್ದ ಹಾಗೆ ಎದ್ದರು. ಯಾವುದೋ ಚಳಿ ದೇಶದವನೊಬ್ಬ, ಇಂಥ ಧೈರ್ಯದ ಮುಕ್ತಾಯವನ್ನು ತಾನು ಕೇಳಿಯೇ ಇಲ್ಲ ಎಂದು ಬರೆದ. ಇನ್ನೊಬ್ಬ, ಆ ಹಠಾತ್ ನಿಲುಗಡೆ ಸಾವನ್ನು ಸೂಚಿಸುತ್ತದೆ ಎಂದು ಒಂದು ಪುಟದಷ್ಟು ವಿವರಿಸಿದ. ಅದು ಸೂಚಿಸುತ್ತಿದ್ದದ್ದು ನಮ್ಮ ಅಮ್ಮನ ಕ್ಯಾಸೆಟ್ಟಿನ ಉದ್ದವನ್ನು ಎಂದು ನನಗೆ ಗೊತ್ತಿತ್ತು. ಹಳಬರೆಲ್ಲ ಸೇರಿ ಮೊಬೈಲಿನಲ್ಲಿ ಒಂದು ಗುಂಪು ಮಾಡಿಕೊಂಡರು. ಅಲ್ಲಿ ಗುಡ್ ಮಾರ್ನಿಂಗ್ ಬದಲು 'ಖಟ್' ಎಂದು ಹಾಕುವ ಪದ್ಧತಿ ಬೆಳೆಯಿತು.

ಬ್ಯಾಂಡನ್ನು ಮತ್ತೆ ಸೇರಿಸಬೇಕೆಂದು ಇಮ್ತಿಯಾಜ್ ಎತ್ತಿದ ಮಾತಿಗೆ ಗುಂಪು ಎರಡಾಯಿತು. ಅಮ್ಮನನ್ನು ವಿಚಾರಿಸುವ ಆ ಗಿರಿನಗರದವರು ಖಡಾಖಂಡಿತವಾಗಿ ಬೇಡ ಎಂದರು. "ಅವರು ಈಗ ಬಂದು ಹೊಟ್ಟೆ ಮೇಲೆ ಗಿಟಾರ್ ಇಟ್ಕೊಂಡು ಬಾರಿಸಿದ್ರೆ ನನ್ನ ಕಾಲೇಜ್ ಲೈಫೇ ಹಾಳಾಗುತ್ತೆ ಗುರು." ಮತ್ತೊಬ್ಬ, ಬಂದರೆ ಅಳುತ್ತೇನೆ ಎಂದ. ಮತ್ತೊಬ್ಬ, ಕುರ್ಚಿ ಇರುತ್ತವೆಯೇ ಎಂದು ವಿಚಾರಿಸಿದ. ನಿಂತೇ ಕೇಳಬೇಕೆನ್ನುವವರಿಗೂ ಮಂಡಿ ನೋವಿನವರಿಗೂ ಎರಡು ದಿನ ಜಗಳ ನಡೆದು, ಗೋಡೆ ಪಕ್ಕ ಕುರ್ಚಿ ಹಾಕಿಸುವುದೆಂದು ರಾಜಿಯಾಯಿತು. ನಗಬೇಡಿ. ಹರೆಯದಲ್ಲಿ ಪ್ರೀತಿಸಿದ್ದು ಇನ್ನೂ ಚೆನ್ನಾಗಿದೆಯೋ ಇಲ್ಲವೋ ಎಂದು ಹೋಗಿ ನೋಡುವುದಕ್ಕೆ ಎಲ್ಲರಿಗೂ ಭಯವಿತ್ತು, ನನಗೂ ಇತ್ತು.

ಮುರಳಿ ಒಪ್ಪುವುದಿಲ್ಲ ಎಂದುಕೊಂಡಿದ್ದೆ. ಒಪ್ಪಿದ. ಅಭ್ಯಾಸಕ್ಕೆ ನನ್ನನ್ನೂ ಕರೆದ. ನಾಲ್ವರೂ ಕನ್ನಡಕ ಹಾಕಿಕೊಂಡು, ಆಗಾಗ ನೀರು ಕುಡಿಯುತ್ತಾ ಬಾರಿಸಿದರು. ಕೊನೆಯಲ್ಲಿ ಮುರಳಿ ಆ ಮೂರು ನಿಮಿಷ ನುಡಿಸಿದ. ಬೆರಳು ಮೊದಲಿನಷ್ಟು ಓಡುತ್ತಿರಲಿಲ್ಲ, ಆದರೆ ಅದು ಓಡಬೇಕಾದ ಸಂಗೀತವೂ ಅಲ್ಲ. ಮುಗಿದ ಮೇಲೆ ಗಿಟಾರ್ ಒರೆಸುತ್ತಾ ಹೇಳಿದ:

"ನಲ್ಲಿ ಮಾರ್ಕೊಂಡಿದ್ದೋನು ನಾನು. ಮಗಳು ಇಂಟರ್ನೆಟ್ಟಲ್ಲಿ ಜನ ಬರೆದಿದ್ದನ್ನ ಓದಿ ಹೇಳಿದ್ಲು. ಎಲ್ಲರೂ ಎಂಡಿಂಗ್ ಎಂಡಿಂಗ್ ಅಂತಾರಂತೆ. ಮೂವತ್ತು ವರ್ಷ ಆದ್ಮೇಲೂ ಅದು ಜನರ ತಲೇಲಿದೆ ಅಂದ್ರೆ, ಸ್ಟೇಜಿಗೆ ಬರದೇ ಇರೋಕೆ ಆಗುತ್ತೇನೋ?"

"ನೀನು ಕೇಳಿದ್ಯಾ, ಇಮ್ತಿಯಾಜ್ ಹಾಕಿರೋದನ್ನ?" ಎಂದೆ.

"ನಾನೇ ಬಾರಿಸಿದ್ದನ್ನ ನಾನ್ಯಾಕೆ ಕೇಳ್ಲಿ? ಅದ್ಸರಿ, ಟೀ ಷರ್ಟ್ ಮೇಲೆ ಖಟ್ ಅಂತ ಹಾಕಿಸ್ತಿದ್ದಾರಲ್ಲ, ಏನದು?"

"ಏನೋ ಫ್ಯಾನ್‌ಗಳ ತಮಾಷೆ" ಎಂದೆ. ಮೂವತ್ತು ವರ್ಷದ ಸುಳ್ಳಿಗೆ ಇನ್ನೊಂದು ಸೇರಿತು. ಆ ಮೂರು ನಿಮಿಷವನ್ನು ಮೆಚ್ಚಿದ್ದಾರೆಂಬ ಒಂದೇ ಕಾರಣಕ್ಕೆ ಅವನು ವೇದಿಕೆ ಹತ್ತುತ್ತಿದ್ದ, ನನ್ನೊಬ್ಬನನ್ನು ಬಿಟ್ಟರೆ ಅದನ್ನು ಕೇಳಿ ಮೆಚ್ಚಿದವರು ಭೂಮಿಯ ಮೇಲೆ ಒಬ್ಬರೂ ಇರಲಿಲ್ಲ.

ಕಾರ್ಯಕ್ರಮ ಜೆ.ಪಿ. ನಗರದ ಒಂದು ಮಿನಿ ಹಾಲಿನಲ್ಲಿ, ಭಾನುವಾರ ಮಧ್ಯಾಹ್ನ ಮೂರರಿಂದ ಆರು. ಬೆಳಿಗ್ಗೆ ಅಲ್ಲಿ ನಾಮಕರಣ, ಸಂಜೆ ಆರತಕ್ಷತೆ, ನಡುವಿನ ಹೊತ್ತು ನಮಗೆ. ವೇದಿಕೆಯ ಹಿಂದೆ ಚೆಂಡು ಹೂವಿನ ಪರದೆ, ಅದರ ನಡುವೆ ಥರ್ಮೋಕೋಲಿನಲ್ಲಿ ಕತ್ತರಿಸಿದ ಮಗುವಿನ ಹೆಸರು ಹಾಗೇ ಇತ್ತು. ಅದರ ಕೆಳಗೆ ತಲೆಬುರುಡೆಯ ಬ್ಯಾನರು ಕಟ್ಟಿದರು. ನೂರೈವತ್ತು ಜನ ಬಂದಿದ್ದರು. ಕೂದಲು ಇದ್ದವರು ಕಡಿಮೆ, ಕಪ್ಪು ಟೀ ಷರ್ಟು ಎಲ್ಲರಿಗೂ ಸ್ವಲ್ಪ ಬಿಗಿ. ಎಲ್ಲರಿಗಿಂತ ಮೊದಲು ಬಂದು ಮುಂದೆ ನಿಂತಿದ್ದವರು, ಬೇಡವೇ ಬೇಡ ಎಂದಿದ್ದ ಗಿರಿನಗರದವರು.

ಮೊದಲ ಹಾಡಿನ ಮೊದಲ ಏಟು ಬಿದ್ದಾಗ ಆದದ್ದನ್ನು ಹೇಳಿದರೆ ನಿಮಗೆ ಅತಿ ಅನ್ನಿಸಬಹುದು. ಐವತ್ತು ದಾಟಿದವರು ಒಬ್ಬರನ್ನೊಬ್ಬರು ಹಿಡಿದುಕೊಂಡು ಕುಣಿದರು. ಗೋಡೆ ಪಕ್ಕದ ಕುರ್ಚಿಗಳಲ್ಲಿ ಒಬ್ಬರೂ ಉಳಿಯಲಿಲ್ಲ. ಗಿರಿನಗರದವರು ಕಣ್ಣು ಒರೆಸಿಕೊಳ್ಳುತ್ತಾ, "ಹಾಳಾಗಲಿಲ್ಲ ಗುರು, ಏನೂ ಹಾಳಾಗಲಿಲ್ಲ" ಎಂದು ನನ್ನ ಕಿವಿಯಲ್ಲಿ ಕಿರುಚಿದರು. ನನ್ನ ತಲೆಯೂ ತಾನಾಗಿ ಏಳತೊಡಗಿತು. ಮಾಡಿದ ಪಾಪವನ್ನು ಅರ್ಧ ಗಂಟೆ ಮರೆತು ನಾನೂ ಕುಣಿದೆ.

ಕೊನೆಯ ಹಾಡು ಬಂತು. ಗಲಾಟೆ ಏರಿತು, ಏರಿತು, ತುದಿಗೆ ಬಂತು. ನೂರೈವತ್ತು ಜನ ಒಂದೇ ಬಾಯಿಂದ "ಖಟ್!" ಎಂದರು. ಆಮೇಲೆ ಚಪ್ಪಾಳೆ, ಶಿಳ್ಳೆ, ಅಪ್ಪುಗೆ. ಎಲ್ಲರೂ ವೇದಿಕೆಗೆ ಬೆನ್ನು ಹಾಕಿ ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿದ್ದರು, ಫೋಟೋ ತೆಗೆದುಕೊಳ್ಳುತ್ತಿದ್ದರು. ವೇದಿಕೆಯ ಮೇಲೆ ಮುರಳಿ ನುಡಿಸತೊಡಗಿದ್ದ. ಯಾರಿಗೂ ಕೇಳಿಸುತ್ತಿರಲಿಲ್ಲ. ಹಾಲಿನ ಮ್ಯಾನೇಜರು ಜನ ತಬ್ಬಿಕೊಳ್ಳುವುದನ್ನು ಕಂಡು, ಮುಗಿಯಿತೆಂದುಕೊಂಡು ವೇದಿಕೆಯ ಕರೆಂಟು ತೆಗೆದರು. ಸಂಜೆಯ ಪಾರ್ಟಿಯವರ ಹೂವಿನ ಲಾರಿ ಬಾಗಿಲಿಗೆ ಬಂದಿತ್ತು. ಮುರಳಿಯ ಬೆರಳುಗಳು ಇನ್ನೂ ಸ್ವಲ್ಪ ಹೊತ್ತು ತಂತಿಯ ಮೇಲೆ ಆಡುತ್ತಿದ್ದವು. ಆಮೇಲೆ ತಲೆ ಎತ್ತಿ ಜನರ ನಡುವೆ ನನ್ನನ್ನು ಹುಡುಕಿ ನೋಡಿದ.

ವಧುವಿನ ಕೋಣೆಯನ್ನು ಬ್ಯಾಂಡಿಗೆ ಕೊಟ್ಟಿದ್ದರು. ಕನ್ನಡಿಯ ತುಂಬ ಯಾರ್ಯಾರೋ ಅಂಟಿಸಿ ಹೋದ ಬಿಂದಿಗಳು. ಮುರಳಿ ಅದರ ಮುಂದೆ ಕೂತಿದ್ದ. ಎಲ್ಲ ಹೇಳಿದೆ. ಅಮ್ಮನ ಕ್ಯಾಸೆಟ್ಟು, ಮೂವತ್ತು ನಿಮಿಷ, ಬಟನ್ನು.

"ಅಂದ್ರೆ ಯಾರೂ ಕೇಳೇ ಇಲ್ಲ" ಎಂದ.

"ಇಲ್ಲ."

"ಅವತ್ತು ಬಸ್ ಸ್ಟ್ಯಾಂಡಲ್ಲಿ ಬಂದನಲ್ಲ, ಅವನು?"

"ಅವನೂ ಇಲ್ಲ. ಹೇಳೋಣ ಅಂತಲೇ ಬಂದಿದ್ದೆ ಕಣೋ. ನಿನ್ನ ಮುಖ ನೋಡಿ ಆಗ್ಲಿಲ್ಲ."

"ಅವತ್ತು ಆಗ್ಲಿಲ್ಲ, ಸರಿ. ಮಾರನೇ ದಿನ?"

ಆ ಹೊತ್ತಿಗೆ ಬಾಗಿಲಲ್ಲಿ ಕೆಮ್ಮಿದ ಸದ್ದಾಯಿತು. ಕ್ಯಾಸೆಟ್ಟಿನ ಮೇಲೆ ಸಹಿ ಹಾಕಿಸಿಕೊಳ್ಳಲು ಬಂದ ಇಮ್ತಿಯಾಜ್ ಎಲ್ಲವನ್ನೂ ಕೇಳಿಸಿಕೊಂಡಿದ್ದ. "ಸಾರ್, ಇನ್ನೂ ಮೂರು ನಿಮಿಷ ಇದೆಯಾ ಅದು?" ಎಂದು ಕೇಳಿದ. "ಹೇಗಿದೆ ಸಾರ್?"

ಮುರಳಿ ಗಿಟಾರ್ ಎತ್ತಿಕೊಂಡ. ಕರೆಂಟಿಲ್ಲದ ಎಲೆಕ್ಟ್ರಿಕ್ ಗಿಟಾರಿನ ಸದ್ದು ಎಷ್ಟಿರುತ್ತದೆ ಗೊತ್ತೆ? ಪಕ್ಕದಲ್ಲಿ ಕೂತು ಯಾರೋ ಸೊಪ್ಪು ಬಿಡಿಸಿದಷ್ಟು. ಇಮ್ತಿಯಾಜ್ ನೆಲದ ಮೇಲೆ ಕೂತು ಕಿವಿಯನ್ನು ಗಿಟಾರಿನ ಹತ್ತಿರ ತಂದ. ನಾನೂ ಬಗ್ಗಿದೆ. ಹೊರಗೆ ಹಾಲಿನಲ್ಲಿ ಕುರ್ಚಿ ಎಳೆಯುವ ಸದ್ದು. ಮೂರು ನಿಮಿಷ ಮೂವರೂ ಹಾಗೇ ಇದ್ದೆವು.

ಮುಗಿದ ಮೇಲೆ ಇಮ್ತಿಯಾಜ್ ಸಹಿಗೆಂದು ತನ್ನ ಕ್ಯಾಸೆಟ್ಟನ್ನು ಮುಂದೆ ಹಿಡಿದ. "ಚೆನ್ನಾಗಿದೆ ಸಾರ್" ಎಂದ. "ಆದ್ರೆ ನಿಮ್ಮ ಮುಂದೆ ಸುಳ್ಳು ಹೇಳಲ್ಲ. ನನಗೆ ಖಟ್ ಅಂತ ನಿಲ್ಲೋದೇ ಇಷ್ಟ. ಮೂವತ್ತು ವರ್ಷದಿಂದ ಹಂಗೇ ಕೇಳಿದೀನಿ. ಅದೇ ಹಾಡು ನನಗೆ."

"ಪರವಾಗಿಲ್ಲಪ್ಪ" ಎಂದು ಮುರಳಿ ಸಹಿ ಹಾಕಿಕೊಟ್ಟ. ಗಿಟಾರನ್ನು ಚೀಲಕ್ಕೆ ಹಾಕಿ, ಜಿಪ್ ಎಳೆದು, ನನ್ನ ಕಡೆ ನೋಡದೆ ಹೊರಟುಹೋದ. ವಾರವಾಯಿತು. ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ.

ಇವತ್ತು ಬೆಳಿಗ್ಗೆ ಇಮ್ತಿಯಾಜ್ ಫೋನ್ ಮಾಡಿದ. ಯಾರದೋ ಮನೆಯ ಎ.ಸಿ. ಬಿಚ್ಚಿಟ್ಟುಕೊಂಡೇ ಮಾತಾಡುತ್ತಿದ್ದನಂತೆ.

"ಸಾರ್, ಆ ಸಹಿ ಹಾಕಿಸ್ಕೊಂಡ ಕ್ಯಾಸೆಟ್ಟನ್ನ ನಿನ್ನೆ ಹಾಕ್ಕೊಂಡು ಕೂತಿದ್ದೆ. ಮಾಮೂಲಿ, ಖಟ್ ಅಂತ ನಿಲ್ತು. ಯಾವಾಗ್ಲೂ ಎದ್ದು ಹೋಗ್ತೀನಿ. ನಿನ್ನೆ ಏಳೋಕೆ ಆಗ್ಲಿಲ್ಲ ಸಾರ್. ಟೇಪ್ ನಿಂತಿದೆ, ಏನೂ ಓಡ್ತಿಲ್ಲ, ಆದ್ರೆ ಮುರಳಿ ಸಾರ್ ಬಾರಿಸಿದ್ದು ಒಳಗೆ ಬರ್ತಾನೇ ಇದೆ. ಮುಗಿಯೋವರ್ಗೂ ಕೂತಿದ್ದೆ. ಅವರಿಗೆ ಹೇಳ್ಬೇಕು ಅನ್ನಿಸ್ತು. ಅವತ್ತು ಮುಖಕ್ಕೆ ಹೊಡೆದ ಹಾಗೆ ಅಂದ್ಬಿಟ್ಟೆ, ನಾಚಿಕೆ. ನೀವೇ ಹೇಳಿಬಿಡಿ ಸಾರ್."

ಕಾಫಿ ಕೂಡ ಕುಡಿಯದೆ ಆಟೋ ಹತ್ತಿದೆ. ಫೋನ್ ಎತ್ತದವನು ಅಂಗಡಿ ಬಿಟ್ಟು ಓಡಿಹೋಗಲಾರ. ಮುರಳಿ ಒಬ್ಬ ಹೆಂಗಸಿಗೆ ಷವರುಗಳನ್ನು ತೋರಿಸುತ್ತಿದ್ದ. ನನ್ನನ್ನು ಕಂಡರೂ ಕಾಣದವನಂತೆ ಬೆಲೆ ಹೇಳುವುದನ್ನು ಮುಂದುವರಿಸಿದ. ಗಿರಾಕಿಯ ಎದುರಿಗೇ, ಬಾಗಿಲಲ್ಲಿ ನಿಂತೇ, ಇಮ್ತಿಯಾಜ್ ಹೇಳಿದ್ದನ್ನು ಒಂದು ಮಾತೂ ಬಿಡದೆ ಹೇಳಿದೆ.

ಮುರಳಿ ಕೈಯಲ್ಲಿದ್ದ ಷವರನ್ನು ಕೌಂಟರಿನ ಮೇಲೆ ಇಟ್ಟ.

"ಇದಕ್ಕೆ ಗ್ಯಾರಂಟಿ ಎಷ್ಟು ವರ್ಷ?" ಎಂದು ಆಕೆ ಕೇಳಿದರು.

"ಒಂದ್ನಿಮಿಷ ಇರಿ ಮೇಡಂ" ಎಂದು ನನ್ನ ಕಡೆ ತಿರುಗಿದ. "ಟೇಪ್ ನಿಂತ ಮೇಲೆ ಕೂತಿದ್ನಾ?"

"ಕೂತಿದ್ದ."

"ಎಷ್ಟು ಹೊತ್ತು?"

"ಮೂರು ನಿಮಿಷ."

"ಪೂರ್ತಿನಾ?"

"ಪೂರ್ತಿ ಕಣೋ."

ಅವನು ಕೌಂಟರಿನ ಕೆಳಗಿನಿಂದ ಒಂದು ಸ್ಟೂಲ್ ಎಳೆದು ನನ್ನ ಕಡೆಗೆ ತಳ್ಳಿದ.